ಸೊಳ್ಳೆಯಿಂದ ಹರಡುವ ಹಳದಿ ಜ್ವರ ತಡೆಯಲು ಜಗತ್ತು ಮಾಡಿದ ಪ್ರಯತ್ನ ನಿಜವಾಗಿ ಫಲ ಕೊಟ್ಟಿದೆಯಾ?

ಕೊಟ್ಟಿದೆ, ಆದರೆ ಅರ್ಧ. ಲಸಿಕೆ ಚೆನ್ನಾಗಿದೆ, ಅದನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದೇ ಕಷ್ಟವಾಗಿದೆ.

ಹುಬ್ಬಳ್ಳಿಯ ನಮ್ಮ ಓಣಿಯ ಹುಡುಗನೊಬ್ಬ ಕೆಲಸಕ್ಕೆ ಉಗಾಂಡಾಕ್ಕೆ ಹೊರಟಾಗ ಅವನ ಹಳದಿ ಪುಸ್ತಕ, ಅಂದರೆ ಲಸಿಕೆಯ ಪ್ರಮಾಣಪತ್ರ, ನೋಡಿದ್ದೆ. ಒಳಗೆ ಒಂದು ಸಾಲು, ಒಂದು ಮೊಹರು. ಒಂದೇ ಡೋಸ್, ಜೀವನಪೂರ್ತಿ ರಕ್ಷಣೆ. 1937ರಲ್ಲಿ ವಿಜ್ಞಾನಿ ಮ್ಯಾಕ್ಸ್ ಥೈಲರ್ ತಂಡ ರೂಪಿಸಿದ ಲಸಿಕೆಯೇ ಇವತ್ತಿಗೂ ಆಧಾರ.

ಕೊರತೆ ಬಯಲಾಗಿದ್ದು 2016ರಲ್ಲಿ. ಅಂಗೋಲಾ, ಕಾಂಗೋ ದೇಶಗಳ ದೊಡ್ಡ ಊರುಗಳಿಗೆ ರೋಗ ನುಗ್ಗಿತು, ಲಸಿಕೆಯ ತುರ್ತು ದಾಸ್ತಾನು ಬರಿದಾಯ್ತು. ಇದು ಕೋಳಿಮೊಟ್ಟೆಯಲ್ಲಿ ಬೆಳೆಸುವ ಲಸಿಕೆ, ರಾತ್ರೋರಾತ್ರಿ ತಯಾರಾಗಲ್ಲ. ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ಒಬ್ಬೊಬ್ಬರಿಗೆ ಡೋಸಿನ ಐದನೇ ಒಂದು ಭಾಗ ಮಾತ್ರ ಕೊಟ್ಟು ಲಕ್ಷಾಂತರ ಜನರನ್ನು ಕಾಪಾಡಿದರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ದಿಟ್ಟ ನಿರ್ಧಾರ ಅನಿಸುವುದು ಇದೇ.

ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಲಸಿಕೆ ಒಕ್ಕೂಟ ಗಾವಿ ಸೇರಿ 2026ರವರೆಗಿನ ಯೋಜನೆ ಹಾಕಿದವು. ಗುರಿ: 40 ದೇಶಗಳ 100 ಕೋಟಿ ಜನ. ದಾರಿ ಸರಿ ಇದೆ. ಆದರೆ ವೈರಸ್ ಕಾಡಿನ ಮಂಗಗಳಲ್ಲೂ ಇರುವುದರಿಂದ ಸಿಡುಬಿನಂತೆ ಅಳಿಸಲಾಗದು. ಮಕ್ಕಳ ಲಸಿಕೆ ತಪ್ಪಿದಷ್ಟೂ ಅಪಾಯ ಜಾಸ್ತಿ.

ನಮಗೇನು ಅಂತೀರಾ? ಭಾರತದಲ್ಲಿ ಈ ರೋಗ ಇಲ್ಲ, ಸೊಳ್ಳೆ ಇದೆ. ಡೆಂಗ್ಯೂ ಹರಡುವ ಅದೇ ಸೊಳ್ಳೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮ ಓಣಿಗಳಲ್ಲಿ, ಮುಚ್ಚಳ ಇಲ್ಲದ ಬ್ಯಾರಲ್‌ನಲ್ಲಿ ಬಗ್ಗಿ ನೋಡಿದರೆ ಮರಿಹುಳು ಕುಣಿಯುತ್ತಿರುತ್ತವೆ, ಅಲ್ವಾ? ಅದಕ್ಕೇ ರೋಗ ಇರುವ ದೇಶಗಳಿಂದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಬಂದವರನ್ನು ಇಲ್ಲಿ 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಅಲ್ಲಿಗೆ ಹೋಗುವವರು ಪ್ರಯಾಣಕ್ಕೆ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಿ.