ಸ್ಟೇಷನ್ ಮೆಟ್ಟಿಲು ಹತ್ತದ ಮನೆಯವರು

ಪೊಲೀಸ್ ಕೆಲಸಕ್ಕೆ ಅರ್ಜಿ ಕರೆದಾಗಲೆಲ್ಲ ಮಗಳನ್ನು ಆ ಕೆಲಸಕ್ಕೆ ಕಳಿಸಲ್ಲ ಅನ್ನುವ ಒಂದಾದರೂ ಮನೆಯವರು ಆಪ್ತಸಮಾಲೋಚಕಿಯಾದ ನನ್ನ ಮುಂದೆ ಬಂದು ಕೂರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ತೀರ್ಥಹಳ್ಳಿ ಕಡೆಯವಳು. ವಯಸ್ಸು 22, ಡಿಗ್ರಿ ಆಗಿದೆ. ಕಾನ್‌ಸ್ಟೆಬಲ್ ಆಗುವ ಆಸೆ. ಮನೆಯಲ್ಲಿ ಮಾತ್ರ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಅಂದಿದ್ದಳು. ಬೆಳಗಿನ ಜಾವ ರಸ್ತೆಯಲ್ಲಿ ಓಡುವುದನ್ನು ಯಾರೋ ನೋಡಿ ಸುದ್ದಿ ಮುಟ್ಟಿಸಿದರು. ರಂಪ ಆಯಿತು. ಅವಳು ಊಟ, ಮಾತು ಎರಡೂ ಬಿಟ್ಟಳು. ಶಿವಮೊಗ್ಗಕ್ಕೆ ನನ್ನ ಹತ್ತಿರ ಕರೆತಂದರು.

ಅಪ್ಪನೇ ಶುರು ಮಾಡಿದರು. "ಮೇಡಂ, ನಮ್ಮನೆ ಹೆಂಗಸರು ಯಾರೂ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ. ಇವಳು ದಿನಾ ಹತ್ತಬೇಕಂತೆ." ರಾತ್ರಿ ಡ್ಯೂಟಿ, ಗಂಡಸರ ಜೊತೆ ಜೀಪಲ್ಲಿ ಓಡಾಟ, ನಾಳೆ ಗಂಡು ಕೊಡುವವರು ಯಾರು?

"ನೀಲಮಣಿ ರಾಜು ಅವರು 2017ರಲ್ಲಿ ಇಡೀ ರಾಜ್ಯದ ಪೊಲೀಸರಿಗೇ ಮುಖ್ಯಸ್ಥರಾದ್ರಲ್ಲ ಅಪ್ಪಯ್ಯ" ಅಂದಳು ಮಗಳು.

"ಅವರು ಐಪಿಎಸ್. ದೊಡ್ಡವರಿಗೆ ಎಲ್ಲಾ ನಡೆಯುತ್ತೆ."

ತಳ್ಳಿಹಾಕುವ ಮಾತಲ್ಲ ಅದು. ಅಧಿಕಾರಿಗೆ ಕೈಮುಗಿಯುವ ಊರೇ ಕಾನ್‌ಸ್ಟೆಬಲ್ ಹುಡುಗಿಯ ಬಗ್ಗೆ ಬೆನ್ನ ಹಿಂದೆ ಏನೇನೋ ಆಡುತ್ತದೆ.

ಅಮ್ಮ ಅಲ್ಲಿವರೆಗೂ ಬ್ಯಾಗಿನ ಜಿಪ್ ಎಳೆಯುತ್ತಾ, ಹಾಕುತ್ತಾ ಸುಮ್ನೆ ಕೂತಿದ್ದರು. ತಲೆ ಎತ್ತದೆ ಅಂದರು: "ನನ್ನ ತಂಗಿ ಹತ್ತಿದ್ಲು."

ಅಪ್ಪ ತಿರುಗಿ ನೋಡಿದರು.

"ಗಂಡ ಹೊಡೆದ ದಿನ. ಬಾಗಿಲ ತನಕ ಹೋಗಿದ್ವಿ. ಒಳಗೆ ಬರೀ ಗಂಡಸರು. ಎಲ್ಲಿ ಹೊಡೆದಿದ್ದು ಅಂತ ಹೆಂಗೆ ತೋರಿಸೋದು? ವಾಪಸ್ ಬಂದ್ವಿ."

"ಯಾವಾಗ?"

"ನೀವು ಕೊಪ್ಪಕ್ಕೆ ಹೋಗಿದ್ದಾಗ. ಹೇಳಿದ್ರೆ ಬೈತಿದ್ರಿ."

ಆಮೇಲೆ ಗಂಡು ಕೊಡುವವರ ಮಾತು ಬರಲಿಲ್ಲ.

ಹುಡುಗಿಯನ್ನು ಎತ್ತಿಕಟ್ಟಿದಿರಿ ಅಂತ ನನ್ನ ಜೊತೆ ಕೆಲಸ ಮಾಡುವವರೇ ಆಮೇಲೆ ಅಂದರು. ಇರಲಿ. ಅತ್ಯಾಚಾರದಂಥ ದೂರನ್ನು ಸಂತ್ರಸ್ತೆಯೇ ಕೊಟ್ಟರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅನ್ನುತ್ತದೆ ಕಾನೂನು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣದಲ್ಲಿ ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲೇ ಇರಬಾರದು. ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಇಷ್ಟೆಲ್ಲಾ ಬರೆದಿಟ್ಟು, ಮನೆ ಮಗಳನ್ನು ಮಾತ್ರ ಕಳಿಸಲ್ಲ ಅಂದರೆ ಆ ಕುರ್ಚಿಯಲ್ಲಿ ಕೂರುವವರು ಯಾರು? ಮಾನ ಉಳಿಸಿಕೊಂಡೆವು ಅಂದುಕೊಂಡ ಮನೆಯಲ್ಲೇ ಒಬ್ಬಳು ಬಾಗಿಲಿಂದ ವಾಪಸ್ ಬಂದಿದ್ದಳು.

ಹಾಗಂತ ಹುಡುಗಿಗೆ ಬಣ್ಣದ ಮಾತು ಹೇಳಲಿಲ್ಲ. ಮೊದಲು ಸುಳ್ಳು ನಿಲ್ಲಿಸು ಅಂದೆ. ಕದ್ದು ಓಡಿದರೆ ಊರಿನ ಅನುಮಾನಕ್ಕೆ ನೀನೇ ಇಂಬು ಕೊಟ್ಟಂತೆ. ಕೆಲಸದಲ್ಲಿರುವ ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಅಪ್ಪನ ಜೊತೆಗೇ ಹೋಗಿ ಮಾತಾಡಿಸು. ಗಣಪತಿ ಮೆರವಣಿಗೆ ಬಂದೋಬಸ್ತಿನಲ್ಲಿ ದಿನವಿಡೀ ನಿಂತಾಗ ಶೌಚಾಲಯಕ್ಕೆ ಏನು ಮಾಡುತ್ತೀರಿ, ಮಗುವಿಗೆ ಜ್ವರ ಬಂದರೆ ರಜೆ ಸಿಗುತ್ತದಾ, ಎಲ್ಲಾ ಕೇಳು. ಕೇಳಿದ ಮೇಲೂ ಬೇಕು ಅನ್ನಿಸಿದರೆ ಅರ್ಜಿ ಹಾಕು.

ಅಪ್ಪನಿಗೆ ಹೇಳಿದ್ದು ಒಂದೇ. ಫಲಿತಾಂಶ ಬರುವ ತನಕ ಗಂಡು ನೋಡಬೇಡಿ.

ಅವರು ಒಪ್ಪಿದರು, ಷರತ್ತಿನ ಮೇಲೆ. ಊರ ರಸ್ತೆಯಲ್ಲಿ ಓಡಬಾರದು. ಶಿವಮೊಗ್ಗದ ಅತ್ತೆ ಮನೆಯಲ್ಲಿದ್ದು ಮೈದಾನದಲ್ಲಿ ಅಭ್ಯಾಸ ಮಾಡಲಿ. ಹುಡುಗಿ ನನ್ನ ಮುಖ ನೋಡಿದಳು, ನಾನು ವಿರೋಧಿಸುತ್ತೇನೆ ಅಂತ. ವಿರೋಧಿಸಲಿಲ್ಲ. ಊರಿನ ಬಾಯಿ ಮುಚ್ಚಿಸುವ ಕೆಲಸ ಅವಳೊಬ್ಬಳ ತಲೆ ಮೇಲೆ ಯಾಕೆ? ಸದ್ಯಕ್ಕೆ ಅವಳು ಮುಗಿಸಬೇಕಾದದ್ದು ದೈಹಿಕ ಪರೀಕ್ಷೆಯ 400 ಮೀಟರ್ ಓಟ.