ಪಿಕಪ್‌ನಲ್ಲಿ ದೂರಪ್ರಯಾಣ: ಮೊದಲು ತೂಕ ನೋಡಿ

ಪ್ರಶ್ನೆ: ನನ್ನ ಡಬಲ್ ಕ್ಯಾಬ್ ಪಿಕಪ್‌ಗೆ ಛಾವಣಿ ಡೇರೆ, 80 ಲೀಟರ್ ನೀರಿನ ಟ್ಯಾಂಕು, ಫ್ರಿಜ್‌ಗಾಗಿ ಎರಡನೆಯ ಬ್ಯಾಟರಿ ಕೂರಿಸಿ, ಪಾಣತ್ತೂರು ದಾರಿಯಾಗಿ ಕೊಡಗು ಸುತ್ತಬೇಕೆಂದಿದ್ದೇನೆ. ಮೊದಲು ಸ್ಪ್ರಿಂಗ್ ಬದಲಿಸಬೇಕೇ?
– ಓದುಗರು, ಕುಂಬಳೆ

ಉತ್ತರ: ಸ್ಪ್ರಿಂಗ್ ಆಮೇಲಿನ ಮಾತು. ಡೀಸೆಲ್ ತುಂಬಿಸಿ, ಮನೆಯವರನ್ನೂ ಸಾಮಾನನ್ನೂ ಹೇರಿಕೊಂಡು ಒಮ್ಮೆ ವೇಬ್ರಿಜ್ ಮೇಲೆ ಗಾಡಿ ನಿಲ್ಲಿಸಿ, ಬಂದ ತೂಕವನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯೊಂದಿಗೆ ಹೋಲಿಸಿ ನೋಡಿ. ನಿಮ್ಮ ನೀರೊಂದೇ 80 ಕಿಲೋ ಆಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಂಭಾಗ ಕುಸಿಯದೆ ನಿಲ್ಲಬಹುದು, ಆದರೆ ಬ್ರೇಕಿನ ಮತ್ತು ಆಕ್ಸೆಲಿನ (ಚಕ್ರಗಳ ಅಚ್ಚಿನ) ಶಕ್ತಿ ಅದರಿಂದ ಹೆಚ್ಚುವುದಿಲ್ಲ. ಘಾಟಿ ಇಳಿಯುವಾಗ ಇದನ್ನು ದಯವಿಟ್ಟು ಮರೆಯಬೇಡಿ.

ಟ್ಯಾಂಕನ್ನು ಹಿಂದಿನ ಆಕ್ಸೆಲಿಗಿಂತ ಮುಂದಕ್ಕೆ, ಆದಷ್ಟು ತಗ್ಗಿನಲ್ಲಿ ಕೂರಿಸಿ. ಮೇಲೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ.

ಎರಡನೆಯ ಬ್ಯಾಟರಿಯ ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತಾಮ್ರದ ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆದು ಗ್ರೀಸ್ ಸವರಿ.

ಗಾಡಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನ ನಿರ್ಬಂಧವಿರುವುದರಿಂದ, ಬೆಸುಗೆ ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.