ಅಗ್ನಿಶಾಮಕ ತರಬೇತಿಯ ‘ಬೆಂಕಿ ಮನೆ’ಗೆ ಮಾಮೂಲಿ ಕಾಂಕ್ರೀಟ್ ಸಾಲದೇ?

ಸಾಲದು. ಊರಿನ ಮನೆಗೆ ಬೆಂಕಿ ಬಿದ್ದರೆ ಒಂದು ಸಲ. ಇಲ್ಲಿ ಸಿಬ್ಬಂದಿಯ ಅಭ್ಯಾಸಕ್ಕೆಂದೇ ಮತ್ತೆ ಮತ್ತೆ ಬೆಂಕಿ ಹಚ್ಚಿ, ಕಾದ ಗೋಡೆಗೆ ತಣ್ಣೀರು ಹೊಡೆಯುತ್ತಾರೆ. ಕಾಂಕ್ರೀಟಿನೊಳಗಿನ ತೇವ ಆವಿಯಾಗಿ, ಛಾವಣಿ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಒಳಗಿನ ಕಬ್ಬಿಣ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೆಚ್ಚುಕಮ್ಮಿ ಅರ್ಧ ಬಲ ಕಳೆದುಕೊಳ್ಳುತ್ತದೆ.

ಹಾಗಾಗಿ ಇಂಥ ಮನೆ ಕಟ್ಟಿಸುವಾಗ ಮೊದಲು ಗೋಡೆ, ಛಾವಣಿಯ ಒಳಹೊದಿಕೆಯ ವಿವರ ಬರೆಯಿರಿ: ಶಾಖ ತಡೆಯುವ ಹಲಗೆಗಳು, ಒಡೆದರೆ ಅದೊಂದನ್ನೇ ಬಿಚ್ಚಿ ಬದಲಿಸುವಂತಿರಲಿ. ಅದರ ಹಿಂದೆ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಹಾಕಿಸಿ, ಗೋಡೆ ಎಷ್ಟು ಕಾದಿದೆ ಅಂತ ಹೊರಗಿಂದಲೇ ಗೊತ್ತಾಗಬೇಕು. ಉರಿಸೋದು ಕಟ್ಟಿಗೆಯೋ ಗ್ಯಾಸೋ ಅನ್ನೋದನ್ನೂ ಈಗಲೇ ತೀರ್ಮಾನಿಸಿ. ಗ್ಯಾಸ್ ಆದರೆ ಪೈಪು, ತುರ್ತು ವಾಲ್ವ್ ಎಲ್ಲ ನಕ್ಷೆಯಲ್ಲೇ ಬರಬೇಕು. ಪ್ರತಿ ಬೆಂಕಿ ಕೋಣೆಗೂ ಎರಡು ದಾರಿ ಇರಲಿ.

ನೆಲದ ಇಳಿಜಾರನ್ನು ಜಾಸ್ತಿ ಜನ ಮರೆಯುತ್ತಾರೆ. ಬೆಂಕಿಗೆ ಹೊಡೆದ ನೀರೆಲ್ಲ ಮಸಿ ಕಲೆಸಿಕೊಂಡು ಎಲ್ಲಿಗಾದರೂ ಹೋಗಲೇಬೇಕಲ್ವಾ?